ಹೋದವರ ಹಿಂದೆ ಗುಡಿಸಿದ್ದು

"ಹೊರಡೋವಾಗ ಚೀಲ ತೆಗೆದು ಮನೆಯವರಿಗೆ ತೋರಿಸೋದು ನಿಮ್ಮ ರೂಲು ಅಂತೀರ. ಹಾಗಿದ್ರೆ ಇದು ಹೇಗೆ ಆಚೆ ಬಂತು ಮೇಡಂ?"

ಸಬ್ ಇನ್‌ಸ್ಪೆಕ್ಟರ್ ಶಶಿಕುಮಾರ್ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಮಾಲಾಳ ಕಡೆಗೆ ಸರಿಸಿದರು. ಒಳಗೆ ಗಂಡಸರ ವಾಚು. ಗಾಜು ಒಡೆದಿತ್ತು. ಪಟ್ಟಿಯ ಸಂದಿಯಲ್ಲಿ ಏನೋ ಕಪ್ಪಗೆ ಒಣಗಿತ್ತು.

ಬಸವೇಶ್ವರನಗರದ ಮಹದೇವ್ ಸೋಮವಾರ ಬೆಳಗಿನ ಜಾವ ಹಾಸನಕ್ಕೆಂದು ಹೊರಟವನು ಹಾಸನ ತಲುಪಿರಲಿಲ್ಲ. ಅವನ ಕಾರು ನಾಯಂಡಹಳ್ಳಿಯ ಗೋಡೌನುಗಳ ಹಿಂದೆ ಸಿಕ್ಕಿತ್ತು. ಅವನ ವಾಚು ಮಾತ್ರ, ಅದೇ ದಿನ ಅವನ ಮನೆ ಕ್ಲೀನ್ ಮಾಡಿದ ಪಾರವ್ವನ ಚೀಲದಲ್ಲಿತ್ತು.

ಪಾರವ್ವ ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ಮೈಮೇಲೆ ಮಾಲಾಳ ಕಂಪನಿಯ ನೇರಳೆ ಏಪ್ರನ್. ಅದರ ಎದೆಯ ಮೇಲೆ 'ಹೊಸಿಲು ಹೋಮ್ ಕ್ಲೀನಿಂಗ್' ಎಂದು ಬರೆದಿತ್ತು. ವಿಜಯನಗರದ ಒಂದು ಕೋಣೆಯಲ್ಲಿ ಆ ಕಂಪನಿ ಶುರು ಮಾಡಿದಾಗ ಹೆಸರು ಆರಿಸಿದ್ದು ಮಾಲಾಳೇ.

"ಮೇಡಂ, ನಿಮ್ಮನ್ನೇ ಕೇಳಿದ್ದು."

ಸೋಮವಾರ ಫೋನಿನಲ್ಲಿ ತಾನು ಆಡಿದ ಮಾತು ಮಾಲಾಳಿಗೆ ಸ್ಪಷ್ಟವಾಗಿ ನೆನಪಿತ್ತು. 'ಚೀಲ ಗೀಲ ಬಿಡು ಪಾರವ್ವ. ಮುಂದಿನ ಮನೆಯವರು ಕಾಯ್ತಿದಾರೆ, ಬೇಗ ಹೊರಡು.'

"ತೋರಿಸದೆ ಬಂದಿರಬೇಕು ಸಾರ್," ಎಂದಳು.

ಪಾರವ್ವ ತಲೆಯೆತ್ತಿ ನೋಡಿದಳು. ಮತ್ತೆ ತಲೆ ತಗ್ಗಿಸಿದಳು.

ಶಶಿಕುಮಾರ್ ಅವಳ ಕಡೆ ತಿರುಗಿದರು. "ಕತ್ತಿನಲ್ಲಿ ಐಡಿ ಟ್ಯಾಗೂ ಇರ್ಲಿಲ್ಲ ಅಂತ ಆ ಮನೆ ಸೊಸೆ ಹೇಳ್ತಾರೆ. ಯಾಕಮ್ಮ, ಗುರುತು ಸಿಗಬಾರ್ದು ಅಂತಾನಾ?"

"ಕಾರ್ಡ್ ಐತ್ರಿ ಸಾಹೇಬ್ರ, ಪಟ್ಟಿ ಇಲ್ಲ. ತಮ್ಮನ ಲಿಂಗದ ದಾರ ಹರದಿತ್ರಿ. ಹೊಸಾ ಶಿವದಾರ ತರೂಮಟ ಇರ್ಲಿ ಅಂತ ಆ ಪಟ್ಟಿ ಬಿಚ್ಚಿ ಕರಡಿಗಿಗೆ ಕಟ್ಟೀನ್ರಿ. ಕೊಳ್ಳಾಗ ಲಿಂಗ ಇಲ್ದ ಇರಬಾರ್ದಲ್ರಿ."

ಬಾಗಿಲ ಬಳಿಯಿದ್ದ ಕಾನ್‌ಸ್ಟೇಬಲ್ ಜಗದಾಂಬಾ ನಕ್ಕಳು. "ಶಿವನಿಗೂ ಐಡಿ ಕಾರ್ಡು ಸಾರ್!"

"ಅಟೆಂಡೆನ್ಸೂ ಹಾಕ್ತೀರಾ ಮೇಡಂ ದೇವರಿಗೆ?" ಎಂದರು ಶಶಿಕುಮಾರ್.

ಮಾಲಾ ನಗಲಿಲ್ಲ. ಪಟ್ಟಿ ಇಲ್ಲದೆ ಬಂದಳೆಂದು ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಪಾರವ್ವನನ್ನು ಬೈದಿದ್ದಳು. ಜೊತೆಗೆ ಹೋಗಬೇಕಿದ್ದ ರಾಮಮ್ಮ ರಜೆ ಹಾಕಿದ್ದಳು. ಅಷ್ಟು ದೊಡ್ಡ ಮನೆಗೆ ಪಾರವ್ವನೊಬ್ಬಳನ್ನೇ ಕಳಿಸಿದ್ದಳು. ಪಟ್ಟಿ ಯಾಕಿಲ್ಲವೆಂದು ಆಗ ಕೇಳಿರಲಿಲ್ಲ.

"ಸಂಜೆ ತನಕ ನೋಡ್ತೀನಿ," ಶಶಿಕುಮಾರ್ ಕವರನ್ನು ಎತ್ತಿಟ್ಟರು. "ವಾಚಿನ ಪಟ್ಟಿ ಮೇಲಿರೋದು ರಕ್ತ ಅಂತ ಗೊತ್ತಾದ್ರೆ ಇದು ಬರೀ ಕಳ್ಳತನ ಆಗಿ ಉಳಿಯಲ್ಲ. ಅರೆಸ್ಟ್ ಮಾಡ್ಬೇಕಾಗುತ್ತೆ. ಮಾತಾಡೋದಿದ್ರೆ ಈಗ್ಲೇ ಮಾತಾಡ್ಕೊಳ್ಳಿ."

ಮಾಲಾ ಬೆಂಚಿನ ತುದಿಯಲ್ಲಿ ಕುಳಿತಳು.

"ನೀವು ಹಂಗ ಹೇಳಬೇಕಾಗಿತ್ರಿ ಅಕ್ಕಾರ," ಪಾರವ್ವನೇ ಅಂದಳು. "ಕಂಪನಿ ಹೆಸರು ಐತಲ್ರಿ."

ಅವಳು ಬೈದಿದ್ದರೆ ಚೆನ್ನಾಗಿತ್ತು.

"ಆ ಮನೇಲಿ ಏನಾಯ್ತು ಪಾರವ್ವ? ಒಂದೂ ಬಿಡದೆ ಹೇಳು."

"ಏನಾಗ್ತೈತ್ರಿ? ಕೆಲಸ ತಡಾ ಆತು, ಅಷ್ಟ. ಸೊಸಿ ಮೆಡಿಕಲ್‌ಗೆ ಅಂತ ಹೊರಗ ಹೋದ್ಲು. ಅಷ್ಟರಾಗ ಅಜ್ಜಿ ಬಂದು ನನ್ನ ಕೈಯಾಗಿನ ಕಸಬರಿಗಿ ಕಸಗೊಂಡ್ಲು. ಮನ್ಯಾಗಿನವ್ರು ಹೊರಗ ಹೋದ ಕೂಡ್ಲೆ ಗುಡಿಸಬಾರ್ದು, ಆಕಿ ಬರ್ಲಿ ಅಂದ್ಲು. ನಮ್ಮ ಕಡೀನೂ ಹಂಗ ಅಲ್ರಿ. ನಾ ಸುಮ್ನ ಕುಂತೆ."

"ಅಷ್ಟೇನಾ?"

"ಅಷ್ಟರಿ." ಅವಳು ಮಾಲಾಳ ಕೈ ಮುಟ್ಟಿದಳು. "ನನ್ನ ತಮ್ಮ ಶಿವಯೋಗಿಗೆ ಒಂದ್ ಫೋನ್ ಹಚ್ರಿ ಅಕ್ಕಾರ. ಸ್ವಿಚ್ ಆಫ್ ಬರಾಕತ್ತೈತಿ. ಭಾನುವಾರ ಬೈದು ಕಳಿಸಿದ್ದೆ. ದಾರ ಹರಕೊಂಡು ಬರ್ತಾನಂದ್ರ ಬೈಯಬೇಕೋ ಬ್ಯಾಡೋ? ಊಟದ ಪಾರ್ಸಲ್ ಹೊತ್ತು ಊರೆಲ್ಲಾ ಅಡ್ಡಾಡತಾನ, ಕೊಳ್ಳಾಗ ಏನೈತಿ ಏನಿಲ್ಲ ಖಬರಿಲ್ಲ. ಸಿಟ್ಟಾಗ್ಯಾನ. ಆ ಉಲ್ಲಾಳದ ರೂಮಿನ ಹುಡುಗರನ್ನಾದ್ರೂ ಕೇಳ್ರಿ."

ಮಾಲಾ ಅಲ್ಲಿಯೇ ಫೋನ್ ಮಾಡಿದಳು. ಸ್ವಿಚ್ ಆಫ್.

*

ಠಾಣೆಯ ಗೇಟು ದಾಟುವಷ್ಟರಲ್ಲಿ ಅವಳ ಫೋನೇ ಹೊಡೆದುಕೊಂಡಿತು. ರಾಜಾಜಿನಗರದ ಯಾರೋ ಹೆಂಗಸು. ಹಬ್ಬದ ಮುಂಚೆ ಮನೆ ಕ್ಲೀನ್ ಮಾಡಿಸಬೇಕಂತೆ.

"ಮೊದಲನೇ ಸಲ ಕರೆಸ್ತಾ ಇರೋದು. ನಿಮ್ಮವರು ಏನೇನು ಮಾಡ್ತಾರೆ? ನಾವೇನು ರೆಡಿ ಮಾಡ್ಕೋಬೇಕು?"

ಮಾಲಾಳ ಬಾಯಿ ತಾನಾಗಿಯೇ ಮಾತಾಡತೊಡಗಿತು. ಒಡವೆ, ಕಾಗದಪತ್ರ ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ ಮೇಡಂ. ಮನೆಯವರು ಒಬ್ಬರಾದರೂ ಇರಬೇಕು. ದೇವರ ಮನೆ ನಮ್ಮವರು ಮುಟ್ಟೋದಿಲ್ಲ, ಮುಟ್ಟಿ ಅಂದರೆ ಮುಟ್ಟುತ್ತಾರೆ. ಕೆಲಸ ಶುರು ಮಾಡೋಕೆ ಮೊದಲು ಒಂದೊಂದು ರೂಮಿನದೂ ಫೋಟೋ ತೆಗೀತಾರೆ, ಮುಗಿದ ಮೇಲೆ ಇನ್ನೊಂದು ತೆಗೀತಾರೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ನೀವೇ ನೋಡಬಹುದು.

"ಅವರು ಬರೋಕೆ ಮುಂಚೆ ನಾನೇ ಒಂದ್ಸಲ ಗುಡಿಸಿ ಇಡ್ಲಾ? ಈ ಧೂಳು ನೋಡಿದ್ರೆ ಏನಂದ್ಕೋತಾರೋ."

"ಎಲ್ಲರೂ ಹೀಗೇ ಕೇಳ್ತಾರೆ ಮೇಡಂ. ಏನೂ ಬೇಡ. ಹೇಗಿದೆಯೋ ಹಾಗೇ ಇರ್ಲಿ. ಮತ್ತೆ ಹೊರಡೋವಾಗ..."

ಮಾತು ನಿಂತಿತು.

"ಹೊರಡೋವಾಗ?"

"ಹೊರಡೋವಾಗ ಚೀಲ ತೆಗೆದು ತೋರಿಸ್ತಾರೆ," ಎಂದು ಮಾಲಾ ಫೋನ್ ಇಟ್ಟಳು.

ಇಟ್ಟ ಮೇಲೂ ಆ ಹೆಂಗಸಿನ ಮಾತು ಕಿವಿಯಲ್ಲಿ ಉಳಿಯಿತು. ಅವರು ಬರೋಕೆ ಮುಂಚೆ ನಾನೇ ಒಂದ್ಸಲ ಗುಡಿಸಿ ಇಡ್ಲಾ?

ಸೋಮವಾರ ಪಾರವ್ವ ಕಂಪನಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಫೋಟೋಗಳನ್ನು ಅವಳು ತೆರೆದಳು. ಪೊಲೀಸರೂ ನೋಡಿದ್ದರು. ಅವರು ಹುಡುಕಿದ್ದು ವಾಚನ್ನು. ನೆಲವನ್ನು ಯಾರೂ ನೋಡಿರಲಿಲ್ಲ.

ಕೆಲಸಕ್ಕೆ ಮುಂಚಿನ ಹಾಲ್. ಸೋಫಾದ ಮೇಲೆ ಮಡಿಸದ ಬಟ್ಟೆ. ಟೀವಿ ಸ್ಟ್ಯಾಂಡಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಆ ಮನೆ ಸೊಸೆ, ಮಹದೇವನ ಹೆಂಡತಿ ಚೇತನಾ, ವಾರವಿಡೀ ತವರಿನಲ್ಲಿದ್ದು ಅಂದು ಬೆಳಿಗ್ಗೆಯಷ್ಟೇ ವಾಪಸು ಬಂದಿದ್ದಳು. ಮೊಸಾಯಿಕ್ ನೆಲದ ಮೇಲೂ ಅದೇ ಧೂಳು.

ಆ ಧೂಳಿನ ನಡುವೆ ಒಂದು ದಾರಿಯಿತ್ತು.

ಹಿಂದಿನ ಕೋಣೆಯ ಬಾಗಿಲಿಂದ ಹೊರಟು, ಹಾಲ್ ದಾಟಿ, ಮುಂಬಾಗಿಲ ಹೊಸಿಲವರೆಗೆ. ಒಬ್ಬರು ನಡೆದು ಹೋಗುವಷ್ಟು ಅಗಲ. ಅಷ್ಟು ಜಾಗ ಮಾತ್ರ ಗುಡಿಸಿ ತೊಳೆದಿತ್ತು. ಎರಡೂ ಅಂಚಿನಲ್ಲಿ ಒದ್ದೆ ಬಟ್ಟೆ ಎಳೆದ ಗೆರೆ ಒಣಗಿ ನಿಂತಿತ್ತು.

ಮುಂದಿನದು ಹಿಂದಿನ ಕೋಣೆಯ ಫೋಟೋ. ಮಹದೇವ್ ಮಲಗುವ ಕೋಣೆ ಅದು. ಅಲ್ಲಿ ಪೂರ್ತಿ ನೆಲ ತೊಳೆದಿತ್ತು. ಮಂಚದ ಮೇಲೆ ಹಾಸಿಗೆ ಇರಲಿಲ್ಲ.

ನಾಚಿಕೆಗೆ ಗುಡಿಸುವವರು ಸೋಫಾದ ಬಟ್ಟೆ ಮಡಿಸುತ್ತಾರೆ, ಟೀವಿ ಒರೆಸುತ್ತಾರೆ. ದಾರಿ ತೊಳೆಯುವುದಿಲ್ಲ.

ಮಾಲಾ ಆಟೋ ಹಿಡಿದಳು.

*

ಮಹದೇವ್ ಮನೆಯ ಪಕ್ಕದ ಖಾಲಿ ಸೈಟಿನ ಬಳಿ ಒಂದು ಬೈಕ್ ನಿಂತಿತ್ತು. ಹಿಂದೆ ಊಟದ ಪಾರ್ಸಲ್ ಇಡುವ ಡಬ್ಬ. ಅದರ ಮೇಲೂ ಸೀಟಿನ ಮೇಲೂ ಹೊಂಗೆ ಹೂವು ಉದುರಿ ಹಾಸಿಕೊಂಡಿತ್ತು. ದಿನಾ ಓಡುವ ಬೈಕಿನ ಮೇಲೆ ಅಷ್ಟು ಹೂ ನಿಲ್ಲುವುದಿಲ್ಲ. ಮಾಲಾ ಅದನ್ನು ನೋಡಿದಳು, ಮುಂದೆ ನಡೆದಳು.

ಯಶೋದಮ್ಮ ಬಾಗಿಲನ್ನು ಅರ್ಧ ತೆರೆದರು. ಮಹದೇವನ ತಾಯಿ. ಸಣ್ಣ ದೇಹ, ಹಣೆಯಲ್ಲಿ ವಿಭೂತಿ, ನಿದ್ದೆಗೆಟ್ಟ ಕಣ್ಣು.

"ಕ್ಲೀನಿಂಗ್‌ನವಳಲ್ವಾ ನೀನು? ಚೇತನಾ ಇಲ್ಲ. ಕಾರು ನೋಡೋಕೆ ಪೊಲೀಸರ ಜೊತೆ ಹೋಗಿದಾಳೆ."

"ನಿಮ್ಮನ್ನೇ ನೋಡೋಕೆ ಬಂದೆ ಅಮ್ಮ."

ಒಳಗೆ ನೆಲದ ಮೇಲೆ ಕಸ ಹಾಗೇ ಬಿದ್ದಿತ್ತು. ಪೊರಕೆ ಬಾಗಿಲ ಹಿಂದೆ ನಿಂತಿತ್ತು. ಮಾಲಾ ಅದನ್ನು ಕೈಗೆತ್ತಿಕೊಂಡಳು.

"ಕಸ ಬಿದ್ದಿದೆ. ಹೇಗೂ ಬಂದಿದೀನಿ, ಗುಡಿಸಿ ಕೊಡ್ತೀನಿ."

"ಇಡು ಅದನ್ನ!"

"ಯಾಕಮ್ಮ?"

"ಸೊಸೆ ಈಗ ತಾನೆ ಆಚೆ ಹೋಗಿದಾಳೆ. ಅಷ್ಟೂ ಗೊತ್ತಿಲ್ವಾ? ನಿಮ್ಮಮ್ಮ ಏನು ಹೇಳಿಕೊಟ್ಟಿದಾಳೆ ನಿಂಗೆ?"

"ಹೇಳಿಕೊಟ್ಟಿದಾಳೆ. ಹೋದ ಕೂಡ್ಲೇ ಗುಡಿಸಿದ್ರೆ ಹೋದವರು ತಿರುಗಿ ಬರಲ್ಲ ಅಂತ." ಮಾಲಾ ಪೊರಕೆಯನ್ನು ಕೆಳಗಿಡಲಿಲ್ಲ. "ಸೋಮವಾರ ಮಗ ಹೋದಾಗ ಯಾಕೆ ಗುಡಿಸಿದ್ರಿ?"

ಯಶೋದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾರು ಹೇಳಿದ್ದು?"

ಮಾಲಾ ಫೋನ್ ತೋರಿಸಿದಳು. ಧೂಳಿನ ನಡುವಿನ ದಾರಿ. ಯಶೋದಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಹಿಡಿಯಲು ತಡವಾಗಲಿಲ್ಲ.

"ನಮ್ಮಪ್ಪನ್ನ ಎತ್ಕೊಂಡು ಹೋದಾಗ ನಮ್ಮಮ್ಮನೂ ಹೀಗೇ ಮಾಡಿದ್ಲು," ಮಾಲಾ ಅಂದಳು. "ಹೆಣ ಹೊಸಿಲು ದಾಟ್ತಿದ್ದ ಹಾಗೇ ಹಿಂದಿನಿಂದ ಗುಡಿಸ್ಕೊಂಡು, ನೀರು ಹಾಕ್ಕೊಂಡು ಬಂದ್ಲು. ನಮ್ಮ ಪಾರವ್ವ ಗುಡಿಸೋಕೆ ಹೋದ್ರೆ ಕೈಯಿಂದ ಕಿತ್ಕೊಂಡವರು ನೀವು. ಮಹದೇವ್ ಸತ್ತಿದಾರಾ ಅಮ್ಮ?"

"ಬಿಡ್ತು ಅನ್ನು! ನಾಲಿಗೆ ಬಿದ್ದೋಗಾ! ನನ್ನ ಮಗನಿಗೇನೂ ಆಗಿಲ್ಲ."

ಕೂಗಿದ ದನಿ ಅರ್ಧಕ್ಕೇ ಒಡೆಯಿತು. ಯಶೋದಮ್ಮ ಅಲ್ಲಿಯೇ ಹೊಸಿಲ ಪಕ್ಕ ಕುಸಿದು ಕುಳಿತರು.

"ನಾನು ಅವನ ಹಿಂದೆ ಗುಡಿಸ್ಲಿಲ್ಲ ಕಣಮ್ಮ. ಆ ಹುಡುಗನ ಹಿಂದೆ ಗುಡಿಸಿದೆ."

"ಯಾವ ಹುಡುಗ?"

"ಊಟ ತಂದಿದ್ನಲ್ಲ, ಭಾನುವಾರ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. "ಮಹದೇವ ಕುಡಿದಿದ್ದ. ಊಟ ತಣ್ಣಗಾಗಿದೆ ಅಂತ ಬೈದ. ಆ ಹುಡುಗನೂ ಸುಮ್ನಿರ್ಲಿಲ್ಲ, ಮರ್ಯಾದೆ ಕೊಟ್ಟು ಮಾತಾಡ್ರಿ ಅಂದ. ಇವನು ಕತ್ತಿಗೆ ಕೈ ಹಾಕಿ ಒಳಕ್ಕೆ ಎಳೆದು ನೂಕಿದ. ತಲೆ ಟೀಪಾಯಿ ಮೂಲೆಗೆ ಬಡೀತು."

"ಆಸ್ಪತ್ರೆಗೆ?"

"ಮಂಚದ ಮೇಲೆ ಮಲಗಿಸಿದ್ವಿ. ಬೆಳಗಾದ್ರೆ ಎದ್ದು ಹೋಗ್ತಾನೆ ಅಂದ ಇವನು. ನಾನೂ ಹೂಂ ಅಂದೆ."

ಮಾಲಾ ಹಿಂದಿನ ಕೋಣೆಯ ಕಡೆ ನೋಡಿದಳು.

"ಬೆಳಗಿನ ಜಾವ ಎತ್ಕೊಂಡು ಕಾರಿಗೆ ಹಾಕಿದ. ಉಸಿರಿದೆಯಮ್ಮ, ಆಸ್ಪತ್ರೆಗೆ ಹೋಗ್ತೀನಿ ಅಂದ. ಯಾರಾದ್ರೂ ಕೇಳಿದ್ರೆ ಹಾಸನಕ್ಕೆ ಹೋದ ಅನ್ನು ಅಂದ."

"ಉಸಿರಿತ್ತಾ?"

"ನಾನು ನೋಡ್ಲಿಲ್ಲ. ಕೈ ನೇತಾಡ್ತಿತ್ತು. ಕಾರು ಗೇಟು ದಾಟಿದ್ದೇ ನನ್ನ ಕೈ ಪೊರಕೆ ಹಿಡೀತು. ಹಿಡಿ ಅಂತ ಯಾರೂ ಹೇಳ್ಲಿಲ್ಲ." ಅವರು ಹೊಸಿಲನ್ನು ಅಂಗೈಯಲ್ಲಿ ಸವರಿದರು. "ಕೋಣೆ ತೊಳೆದೆ, ಹಾಲ್ ತೊಳೆದೆ. ಇಲ್ಲಿಗೆ ಬಂದಾಗ ನೆನಪಾಯ್ತು. ಆ ಹುಡುಗನ್ನ ಎತ್ಕೊಂಡು ಇವನೂ ಇದೇ ಬಾಗಿಲಿಂದ ಹೋಗಿದ್ದ. ಬದುಕಿರೋ ಮಗನ ಹಿಂದೆ ಗುಡಿಸಿಬಿಟ್ಟಿದ್ದೆ. ಅವತ್ತು ಹೋದವನು ಫೋನೂ ಮಾಡಿಲ್ಲ. ನಾನೇ ಕಳಿಸಿಬಿಟ್ನಾ?"

ಬೇರೆ ದಿನವಾಗಿದ್ದರೆ ಮಾಲಾ ಆ ಭುಜದ ಮೇಲೆ ಕೈಯಿಡುತ್ತಿದ್ದಳು.

"ವಾಚು?" ಎಂದಳು.

"ಮಂಚದ ಕೆಳಗಿತ್ತು. ಚೇತನಾ ಕಣ್ಣಿಗೆ ಬೀಳಬಾರ್ದು ಅಂತ ಎತ್ಕೊಂಡೆ. ಕಪ್ಪು ಚೀಲ ಒಂದು ಬಾಯಿ ತೆಗೆದಿತ್ತು. ಕಸದ ಚೀಲ ಅಂದ್ಕೊಂಡೆ. ಕಸದ ಜೊತೆ ಹೋಗ್ಲಿ ಅಂತ ಹಾಕಿದೆ."

"ಅದು ಕಸದ ಚೀಲ ಅಲ್ಲಮ್ಮ. ಅವಳು ಒರೆಸೋ ಬಟ್ಟೆ ಇಟ್ಕೊಳ್ಳೋ ಚೀಲ. ಅವಳು ಠಾಣೇಲಿ ಕೂತಿದಾಳೆ. ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತಲ್ಲ?"

ಯಶೋದಮ್ಮ ಮುಖವೆತ್ತಿದರು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ.

"ಹೊರಡೋವಾಗ ಅವಳು ಚೀಲ ತೋರಿಸೋಕೆ ಬಂದ್ಲು. ನನ್ನ ಎದೆ ನಿಂತೋಯ್ತು. ಅಷ್ಟರಲ್ಲಿ ನಿನ್ನ ಫೋನು ಬಂತು. ಸ್ಪೀಕರ್‌ನಲ್ಲಿತ್ತು. ಚೀಲ ಗೀಲ ಬಿಡು ಅಂದೆ ನೀನು. ನನಗೂ ಕೇಳಿಸ್ತು." ಅವರು ನಿಧಾನವಾಗಿ ಕೇಳಿದರು. "ಪೊಲೀಸರಿಗೆ ಅದನ್ನ ನೀನು ಹೇಳಿದ್ಯೇನಮ್ಮ?"

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಮಾಲಾ ಪೊರಕೆಯನ್ನು ಇದ್ದ ಜಾಗಕ್ಕೆ ಒರಗಿಸಿದಳು.

"ಆ ಹುಡುಗ ಯಾರು?" ಕೊನೆಗೆ ಕೇಳಿದಳು.

"ಹೆಸರು ಗೊತ್ತಿಲ್ಲ. ಈ ಕಡೆಯವನಲ್ಲ, ಮಾತೇ ಬೇರೆ. ಮಲಗಿಸಿದ ಮೇಲೆ ಒಂದ್ಸಲ ಕಣ್ಣು ಬಿಟ್ಟ. 'ನೀರ್ ಕೊಡ್ರಿ ಅಮ್ಮಾರ' ಅಂದ. ಕೊಟ್ಟೆ. ಕುಡಿದ." ಯಶೋದಮ್ಮ ಅಡುಗೆಮನೆಯ ಕಡೆ ನೋಡಿದರು. "ಸೋಮವಾರ ನಿಮ್ಮ ಕೆಲಸದವಳು ಬಂದವಳೇ ಅದೇ ಮಾತು ಅಂದ್ಲು. ಅದೇ ರಾಗ. ನೀರ್ ಕೊಡ್ರಿ ಅಮ್ಮಾರ. ನನ್ನ ಕೈಯಿಂದ ಚೊಂಬು ಬಿದ್ದೋಯ್ತು."

ಹೊಂಗೆ ಹೂವು ಹೊದ್ದ ಆ ಬೈಕು ಮಾಲಾಳ ಕಣ್ಣ ಮುಂದೆ ಬಂದು ನಿಂತಿತು. ಉತ್ತರ ಕರ್ನಾಟಕದಿಂದ ಬಂದು ಪಾರ್ಸಲ್ ಹೊರುವ ಹುಡುಗರು ಈ ಊರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟೋ ಮಂದಿ ಇದ್ದಾರೆ.

"ಅವನದು ಏನಾದ್ರೂ ಇಲ್ಲಿ ಉಳಿದಿದೆಯಾ ಅಮ್ಮ?"

"ಎಲ್ಲ ಇವನೇ ತಗೊಂಡು ಹೋದ. ಹಾಸಿಗೇನೂ." ಯಶೋದಮ್ಮ ಗೋಡೆ ಹಿಡಿದು ಎದ್ದರು. "ಒಂದು ಮಾತ್ರ ಇದೆ. ಇವನು ಕತ್ತಿಗೆ ಕೈ ಹಾಕಿ ಎಳೆದಾಗ ಬಿಚ್ಚಿ ಬಿದ್ದಿತ್ತು. ಸೋಫಾದ ಕೆಳಗೆ ಹೋಗಿತ್ತು. ಅದನ್ನ ಮಾತ್ರ ಕಸಕ್ಕೆ ಹಾಕೋಕೆ ಕೈ ಬರ್ಲಿಲ್ಲ. ದೇವರಲ್ವಾ."

ಅವರು ದೇವರ ಮನೆಯ ಬಾಗಿಲು ತಳ್ಳಿದರು. ದೀಪ ಉರಿಯುತ್ತಿತ್ತು. ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಹೂವು. ಸೋಮವಾರ ಪಾರವ್ವ ಮನೆಯೆಲ್ಲ ಉಜ್ಜಿದ್ದಳು, ಈ ಕೋಣೆಯೊಂದನ್ನು ಬಿಟ್ಟು. ದೇವರ ಮನೆ ನಮ್ಮವರು ಮುಟ್ಟೋದಿಲ್ಲ ಮೇಡಂ.

ಹೂವಿನ ಮೇಲೆ ಒಂದು ಪುಟ್ಟ ಬೆಳ್ಳಿಯ ಕರಡಿಗೆ. ಲಿಂಗದ ಕರಡಿಗೆ. ಅದಕ್ಕೆ ಕಟ್ಟಿದ್ದದ್ದು ಶಿವದಾರವಲ್ಲ.

ನೇರಳೆ ಬಣ್ಣದ ಪಟ್ಟಿ. ಅದರುದ್ದಕ್ಕೂ ಬಿಳಿ ಅಕ್ಷರದಲ್ಲಿ ಮತ್ತೆ ಮತ್ತೆ ಒಂದೇ ಹೆಸರು. ಹೊಸಿಲು. ಹೊಸಿಲು. ಹೊಸಿಲು.

ಮಾಲಾ ಅದನ್ನು ಮುಟ್ಟಲಿಲ್ಲ. ತಮ್ಮನನ್ನು ಮಲಗಿಸಿದ್ದ ಹಿಂದಿನ ಕೋಣೆಯಲ್ಲಿ ಪಾರವ್ವ ಮಂಚದ ಕಾಲನ್ನು ಕೂಡ ಉಜ್ಜಿರುತ್ತಾಳೆ. ಅವಳು ಮೂಲೆ ಬಿಡುವವಳಲ್ಲ. ಅವಳ ಕೆಲಸವನ್ನು ಹೊಗಳಲು ಮಾಲಾ ಗಿರಾಕಿಗಳಿಗೆ ಯಾವಾಗಲೂ ಹೇಳುತ್ತಿದ್ದ ಮಾತು ಅದು. ಒಂದು ಕಲೆಯೂ ಉಳಿಸಲ್ಲ ಮೇಡಂ ಅವಳು.

ಫೋನ್ ಹೊಡೆದುಕೊಂಡಿತು. ಶಶಿಕುಮಾರ್.

"ಸಾರ್, ಚೀಲದ ವಿಷಯ ನಾನು..."

"ಚೀಲ ಇರ್ಲಿ ಮೇಡಂ. ಮಲ್ಲತ್ತಹಳ್ಳಿ ಕೆರೆ ಅಂಚಲ್ಲಿ ಒಂದು ಬಾಡಿ ಸಿಕ್ಕಿದೆ. ಗಂಡಸು. ಮುಖ ನೋಡಿ ಹೇಳೋ ಸ್ಥಿತಿ ಇಲ್ಲ. ಮಹದೇವೇ ಇರಬೇಕು. ನಿಮ್ಮ ಪಾರವ್ವನ ಕಥೆ ಈಗ ಬೇರೆ ಆಯ್ತು."

ಫೋನಿನ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸುವಷ್ಟು ಜೋರಾಗಿತ್ತು. ಯಶೋದಮ್ಮ ಎರಡು ಹೆಜ್ಜೆ ಹತ್ತಿರ ಬಂದರು.

"ಯಾರಂತೆ? ಯಾರು ಸಿಕ್ಕಿದ್ದಂತೆ?"

ಠಾಣೆಯ ಕಡೆಯಿಂದ, ಶಶಿಕುಮಾರರ ದನಿಯ ಹಿಂದೆ, ಇನ್ನೊಂದು ದನಿ ಸಣ್ಣಗೆ ಕೇಳಿಸಿತು. ಅಕ್ಕಾರ ಏನ್ರಿ? ತಮ್ಮ ಸಿಕ್ಕಾನೇನ ಕೇಳ್ರಿ.

ಕೆರೆಯ ಅಂಚಲ್ಲಿರುವುದು ಮಹದೇವನೇ ಆಗಿರಲಿ. ಆ ಯೋಚನೆ ಬಂದಾಗ ಮಾಲಾ ಅವನ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆದರೂ ಬಂದಿತು, ಹೋಗಲಿಲ್ಲ.

"ಗುರುತು ಹಿಡಿಯೋಕೆ ಮನೆಯವರು ಒಬ್ರು ಬೇಕು," ಎನ್ನುತ್ತಿದ್ದರು ಶಶಿಕುಮಾರ್. "ಈಗ್ಲೇ ಕರೆಸ್ತೀನಿ."

ದೀಪದ ಬೆಳಕಿನಲ್ಲಿ ನೇರಳೆ ಪಟ್ಟಿಯ ಅಕ್ಷರಗಳು ಹೊಳೆಯುತ್ತಿದ್ದವು.

"ಯಾರ ಮನೆಯವರನ್ನ ಸಾರ್?" ಎಂದಳು ಮಾಲಾ.